ಮೊದಲ ಆದೀತೆ

ಇದು ನಿಜವಾಗಿ ನಡೆದದ್ದು. ಕಾಲಿಂದ ನಡೆದದ್ದಲ್ಲ, ಬಾಯಿಂದ. ಅದೂ ಇನ್ನೊಬ್ಬರ ಬಾಯಿಂದ.

ನಾನು ನಮ್ಮ ಶಾಸಕರ ಕಚೇರಿಯಲ್ಲಿ ಟೈಪಿಸ್ಟು. ಓದಿದ್ದು ಬಿ.ಎ., ಬಂದದ್ದು ಮಿಮಿಕ್ರಿ. ಸಾಹೇಬರ ಭಾಷಣ ಬರೆಯುವವನು ನಾನು, ಕೆಡಿಸುವವರು ಅವರು. 'ಆದ್ಯತೆ' ಎಂಬ ಪದ ಅವರ ನಾಲಿಗೆಗೆ ಒಗ್ಗದು. ದಪ್ಪಕ್ಷರದಲ್ಲಿ ಟೈಪ್ ಮಾಡಿಕೊಟ್ಟರೂ 'ಆದೀತೆ' ಎಂದೇ ಓದುತ್ತಾರೆ. ಪ್ರತಿ ವರ್ಷ ಬಜೆಟ್ ಅಧಿವೇಶನ ಮುಗಿಸಿ ಬಂದು, ಮತದಾರರಿಗೆ ವರದಿ ಒಪ್ಪಿಸುವಾಗ, "ಶಿಕ್ಷಣ ನನ್ನ ಮೊದಲ ಆದೀತೆ" ಎನ್ನುತ್ತಾರೆ. ಮುಂದಿನ ಸಾಲಲ್ಲಿ ಕೂರುವ ನಿವೃತ್ತ ಪೋಸ್ಟ್‌ಮ್ಯಾನ್, ಎಲ್ಲರ ಬಾಯಲ್ಲಿ ಪೋಸ್ಟಜ್ಜ, ತಪ್ಪದೆ ಉತ್ತರ ಕೊಡುತ್ತಾರೆ: "ಆಗಲ್ಲ ಬಿಡಿ."

ಈ ಸಲ ಸಭೆ ನಮ್ಮಕ್ಕನ ಶಾಲೆಯಲ್ಲಿ. ಅಕ್ಕ ಅಲ್ಲಿನ ಹೆಡ್‌ಮಿಸ್ಸು. ಎರಡು ಕೋಣೆಗಳ ಸೂರು ಸೋರಿ ಸೋರಿ, ಮಕ್ಕಳು ಬಕೆಟ್‌ಗಳ ನಡುವೆ ಕೂತು ಭಾಗಾಕಾರ ಕಲಿಯುತ್ತಿದ್ದರು.

"ಈ ವರ್ಷ ಸೂರು ರಿಪೇರಿ ಆಗ್ಲಿಲ್ಲ ಅಂದ್ರೆ ನಾಲ್ಕು, ಐದನೇ ಕ್ಲಾಸು ಮುಚ್ತಾರಂತೆ ಕಣೋ. ಕಾಗದ ಬಂದಿದೆ," ಅಂದಳು ಅಕ್ಕ. "ನಿಮ್ಮ ಸಾಹೇಬ್ರು ಏನಂತಾರೆ?"

"ಪರಿಶೀಲನೇಲಿದೆ ಅಂತಾರೆ."

"ಮೂರು ವರ್ಷದಿಂದ ಅಲ್ಲೇ ಇದೆ. ಅಲ್ಲೂ ಸೋರ್ತಿದ್ಯಾ?"

ಸಭೆಯ ದಿನ ಬೆಳಗ್ಗೆ ಸಾಹೇಬರ ಗಂಟಲು ಕೈಕೊಟ್ಟಿತು. ಅಧಿವೇಶನದ ಹದಿನೈದು ದಿನವೂ ಜತನವಾಗಿ ಕಾಪಾಡಿಕೊಂಡಿದ್ದ ಗಂಟಲು, ಮೊಮ್ಮಗನ ಫುಟ್‌ಬಾಲ್ ಪಂದ್ಯದಲ್ಲಿ ಕೂಗಿ ಕೂಗಿ ಒಂದೇ ಸಂಜೆಗೆ ಖಾಲಿ. ಚೀಟಿಯಲ್ಲಿ ಬರೆದು ತೋರಿಸಿದರು: "ನೀನು ಪರದೆ ಹಿಂದೆ ಮಾತಾಡು. ನಾನು ಬಾಯಿ ಆಡಿಸ್ತೀನಿ." ಬರೀ ಬಾಯಿ ಆಡಿಸುವುದು ಅವರಿಗೆ ಹೊಸದೇನಲ್ಲ.

ಪರದೆಯ ಸೀಳಿನಿಂದ ಸಾಹೇಬರ ಬೆನ್ನು, ಮೊದಲ ಸಾಲು, ವೇದಿಕೆಯ ಅಂಚಲ್ಲಿ ಅರ್ಜಿ ಹಿಡಿದು ನಿಂತ ಅಕ್ಕ ಕಾಣುತ್ತಿದ್ದರು. ಸಾಹೇಬರ ಮುಂದಿದ್ದ ಮೈಕು ತೋರಿಕೆಗೆ, ನಿಜವಾದದ್ದು ನನ್ನ ಕೈಯಲ್ಲಿ. ರಸ್ತೆ, ಚರಂಡಿ ಮುಗಿಸಿ ಶಿಕ್ಷಣಕ್ಕೆ ಬಂದೆ. ಆ ಶೀರ್ಷಿಕೆಯಡಿ ಹಣ ಮಂಜೂರಾಗಿದ್ದ ಕಾಮಗಾರಿ ಒಂದೇ: ಪೇಟೆಯ ವೃತ್ತದಲ್ಲಿ ಸಾಹೇಬರ ಹೆಸರಿನ ಕಾರಂಜಿ. ಅದನ್ನು ನೋಡಿ ಮಕ್ಕಳು ವಿಜ್ಞಾನ ಕಲಿಯುತ್ತಾರಂತೆ.

"ಶಿಕ್ಷಣ ನನ್ನ ಮೊದಲ ಆದೀತೆ," ಎಂದೆ. ಅವರದೇ ಕೆಮ್ಮು, ಅವರದೇ ತಪ್ಪು, ಎಲ್ಲ ಅಚ್ಚುಕಟ್ಟು.

"ಆಗಲ್ಲ ಬಿಡಿ," ಎಂದರು ಪೋಸ್ಟಜ್ಜ.

ಹಾಳೆಯಲ್ಲಿದ್ದ ಮುಂದಿನ ಸಾಲು, 'ಶಾಲೆಯ ಸೂರು ಪರಿಶೀಲನೆಯಲ್ಲಿದೆ.' ಅಕ್ಕನ ಮುಖ ನೋಡಿದೆ. ನಾಲಿಗೆ ಜಾರಿತು. ನನ್ನದಲ್ಲ, ಸಾಹೇಬರದು.

"ಆದೀತು," ಎಂದೆ.

ಸಾಹೇಬರ ಬಾಯಿ ಅರ್ಧಕ್ಕೇ ನಿಂತಿತು.

"ಈ ಶಾಲೇಲಿ ಆಗ್ಲೇ ಎರಡು ತಲೆಕೆಳಗಾದ ಕಾರಂಜಿ ಇವೆ. ಮೂರನೇದು ಯಾಕೆ? ನನ್ನ ಕಾರಂಜಿಯ ಅನುದಾನ ಈ ಸೂರಿಗೆ. ಹೆಡ್‌ಮಿಸ್ಸು ಅರ್ಜಿ ತರ್ಲಿ, ಇಲ್ಲೇ ಸಹಿ ಹಾಕ್ತೀನಿ."

ಸೋರುವ ಸೂರು ಕಿತ್ತುಬರುವಂತೆ ಚಪ್ಪಾಳೆ. ಸಾಹೇಬರು ಎರಡೂ ಕೈ ಎತ್ತಿ ಜೋರಾಗಿ ಅಲ್ಲಾಡಿಸಿದರು.

"ಬೇಡ, ಬೇಡ, ಚಪ್ಪಾಳೆ ಎಲ್ಲ ಬೇಡ," ಎಂದು ಆ ಕೈಗಳಿಗೂ ಮಾತು ಕೊಟ್ಟೆ. ಎಂಥ ವಿನಯ ಎಂದು ಜನ ಇನ್ನೂ ಜೋರಾಗಿ ತಟ್ಟಿದರು.

ಅದು ತಮ್ಮ ದನಿಯಲ್ಲ ಎನ್ನಲು ಸಾಹೇಬರಿಗೆ ದನಿ ಬೇಕಿತ್ತು. ಅಕ್ಕ ಅರ್ಜಿ, ಪೆನ್ನು ಎರಡನ್ನೂ ಮುಂದಿಟ್ಟಳು. ಸಾಹೇಬರು ಪರದೆಯತ್ತ ತಿರುಗಿದರು. ಆ ನೋಟದಲ್ಲೇ ನನ್ನ ನೌಕರಿ ಹೋಯಿತು. ಆಮೇಲೆ ಮತದಾರರತ್ತ ತಿರುಗಿ ಸಹಿ ಹಾಕಿದರು.

"ತಾರೀಕು, ಸಾರ್," ಎಂದು ಅಕ್ಕ ಅದನ್ನೂ ಬರೆಸಿಕೊಂಡಳು.

ಪೋಸ್ಟಜ್ಜ ಎದ್ದು ನಿಂತರು. "ಸಾಹೇಬ್ರೆ, ಇಷ್ಟು ವರ್ಷದಲ್ಲಿ ನಿಮ್ಮ ಮಾತು ಸರಿಯಾದ ವಿಳಾಸಕ್ಕೆ ಬಂದಿದ್ದು ಇವತ್ತೇ. ಗಂಟಲು ಹೊಸದು ಹಾಕಿಸ್ಕೊಂಡ್ರಾ?"

ಸಭೆ ಬಿದ್ದು ಬಿದ್ದು ನಕ್ಕಿತು. ವೋಟು ಕೇಳುವವರು ಮುಖ ಗಂಟಿಕ್ಕಿಕೊಂಡು ಕೂರಲಾದೀತೆ? ಸಾಹೇಬರು ಬಾಯಿ ಅಗಲಿಸಿದರು, ಹೊಟ್ಟೆ ಹಿಡಿದುಕೊಂಡರು, ಭುಜ ಕುಣಿಸಿದರು. ಸದ್ದು ಮಾತ್ರ ಇಲ್ಲ. ಅದು ನನ್ನ ಕೊನೆಯ ಡ್ಯೂಟಿ. ಮೈಕನ್ನು ತುಟಿಗೆ ಒತ್ತಿಕೊಂಡೆ. ಅವತ್ತು ಆ ಸಭೆಯಲ್ಲಿ ಸಾಹೇಬರಷ್ಟು ಜೋರಾಗಿ ನಕ್ಕವರು ಇನ್ನೊಬ್ಬರಿಲ್ಲ.