ನಾಲ್ಕು ಬೆರಳು ಹಗ್ಗ

ಅಕ್ಕನ ಗಂಡನಿಗೆ ಊರೆಲ್ಲ ಚಾಂಪಿಯನ್ ಎಂದೇ ಹೆಸರು. ಇಪ್ಪತ್ತೆರಡು ವರ್ಷದ ಹಿಂದೆ ಊರ ಕೆರೆಯಲ್ಲಿ ನಡೆದ, ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ಓಡುವ ವಿಂಡ್‌ಸರ್ಫಿಂಗ್ ಪಂದ್ಯದಲ್ಲಿ ಅವನು ಮೊದಲನೆಯವನಾಗಿದ್ದ. ಆವತ್ತು ಇದ್ದವರೇ ಮೂರು ಜನ, ಅದರಲ್ಲಿ ಒಬ್ಬನಿಗೆ ಜ್ವರ, ಇನ್ನೊಬ್ಬನ ಕಂಬ ನಡುನೀರಿನಲ್ಲಿ ಮುರಿದಿತ್ತು ಎಂಬುದನ್ನು ಹೇಳುವ ಪದ್ಧತಿ ಮನೆಯಲ್ಲಿ ಇರಲಿಲ್ಲ. ಗೆದ್ದ ಬಟ್ಟಲು ಷೋಕೇಸಿನಲ್ಲಿತ್ತು. ಅಕ್ಕ ಅದರಲ್ಲಿ ಬೀಗದ ಕೈ ಹಾಕಿಡುತ್ತಿದ್ದಳು. ಆ ಬಟ್ಟಲಿಗೆ ಅಷ್ಟಾದರೂ ಕೆಲಸವಿದೆ, ಗೆದ್ದವನಿಗೆ ಅದೂ ಇಲ್ಲ ಎಂದು ಅವನ ನಾದಿನಿ, ಅಕ್ಕನ ತಂಗಿ, ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದಳು.

ನಾದಿನಿಯನ್ನು ಮನೆಯಲ್ಲಿ ಕರೆಯುತ್ತಿದ್ದುದು ಸೂಜಿ ಎಂದು. ಹೊಲಿಗೆಗೆ ಅಷ್ಟೇ ಅಲ್ಲ, ನಾಲಿಗೆಗೂ ಸೇರಿಸಿ ಇಟ್ಟ ಹೆಸರು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಹನ್ನೊಂದು ವರ್ಷ ಲಾರಿಗಳಿಗೆ ಟಾರ್ಪಾಲು ಹೊಲಿದಿದ್ದಳು. ಸಂಜೆ ತರಗತಿಗೆ ಹೋಗಿ ನಕ್ಷೆ ಬರೆಯುವುದನ್ನು ಕಲಿತ ಮೇಲೆ ಅವಳ ತಲೆಗೆ ಹಾಯಿಪಟದ ಹುಚ್ಚು ಹತ್ತಿತು. ಮೇಜು ಸಾಲದೆ ನೆಲದ ಮೇಲೆ ಬಟ್ಟೆ ಹಾಸಿ, ಮಂಡಿಯೂರಿ ಕತ್ತರಿಸಿ, ಎರಡು ತಿಂಗಳಲ್ಲಿ ಒಂದು ಪಟ ಹೊಲಿದಳು. ಕೆರೆದಂಡೆಯ ವಿಂಡ್‌ಸರ್ಫಿಂಗ್ ಶಾಲೆಯ ಮೇಡಂ, ಸಣ್ಣ ಗಾಳಿಯಲ್ಲೂ ಓಡುವುದಾದರೆ ಇಂಥವೇ ಹತ್ತು ಹೊಲಿಸುತ್ತೇನೆ, ಇಲ್ಲವಾದರೆ ಕಾರ್ಖಾನೆಯ ಪಟಗಳನ್ನೇ ತರಿಸುತ್ತೇನೆ ಎಂದಿದ್ದರು. ಬೆಳಗಿನ ತರಗತಿಯ ಹೊತ್ತಿಗೆ ಕೆರೆಯ ಮೇಲೆ ಗಾಳಿ ಇರುವುದೇ ಅಷ್ಟು. ಹತ್ತು ಪಟ ಸಿಕ್ಕಿದರೆ ಸೂಜಿ ಹಾಯಿ ಹೊಲಿಯುವವಳು. ಸಿಗದಿದ್ದರೆ ಮತ್ತೆ ಅದೇ ಟಾರ್ಪಾಲು.

ಪರೀಕ್ಷೆಗೆ ಯಾರು ನೀರಿಗಿಳಿಯಬೇಕು ಎಂಬ ಪ್ರಶ್ನೆಯೇ ಏಳಲಿಲ್ಲ. ಸೂಜಿಗೆ ಈಜು ಬಾರದು. ಚಾಂಪಿಯನ್ ಕರೆಯುವ ಮೊದಲೇ ಬಂದಿದ್ದ, ಹೊಟ್ಟೆಯ ಮೇಲೆ ಹಳೆಯ ರಬ್ಬರ್ ಅಂಗಿ ಬಿಗಿದುಕೊಂಡು. ತುಂಬಿದ ದಿಂಬಿಗೆ ಚಿಕ್ಕ ಗವಸು ಹಾಕಿದ ಹಾಗಿತ್ತು. ಪಟವನ್ನು ಹುಲ್ಲಿನ ಮೇಲೆ ಹಾಸಿದಾಗ ಅವನು ಅದರ ಅಂಚನ್ನು ಎರಡು ಬೆರಳಲ್ಲಿ ಎತ್ತಿ, ಸೊಳ್ಳೆಪರದೆಯೋ ಎಂದು ಕೇಳಿದ. ಮೇಡಂ ನಗಲಿಲ್ಲ. ಅಕ್ಕ ಬೇರೆ ಕಡೆ ನೋಡಿದಳು.

ಕಂಬ ತೂರಿಸಿ, ಕೈಹಿಡಿಯುವ ಅಡ್ಡಕೋಲು ಸಿಕ್ಕಿಸಿದ್ದಾಯಿತು. ಇನ್ನು ಪಟದ ಹಿಂಬದಿಯ ಮೂಲೆಯನ್ನು ಕೋಲಿನ ತುದಿಗೆ ಎಳೆದು ಕಟ್ಟುವ ಹಗ್ಗ. ಚಾಂಪಿಯನ್ ಕೋಲಿಗೆ ಕಾಲು ಒತ್ತಿ, ಮುಖ ಕೆಂಪಾಗುವ ತನಕ ಜಗ್ಗಿದ. ಪಟ ಹಲಗೆಯ ಹಾಗೆ ಚಪ್ಪಟೆಯಾಯಿತು.

“ಪಟ ಅಂದ್ರೆ ಇಸ್ತ್ರಿ ಮಾಡಿದ ಅಂಗಿ ಥರ ಇರ್ಬೇಕು, ಸೂಜಿ. ಒಂದು ಸುಕ್ಕು ಕಾಣಬಾರ್ದು.”

ಜೋರು ಗಾಳಿಗೆ ಅದು ಸರಿ. ಸಣ್ಣ ಗಾಳಿಗೆ ಪಟಕ್ಕೆ ಹೊಟ್ಟೆ ಬೇಕು, ಇಲ್ಲವಾದರೆ ಗಾಳಿ ಗೋಡೆ ಸವರಿದ ಹಾಗೆ ಸವರಿಕೊಂಡು ಹೋಗುತ್ತದೆ. ಆ ಹೊಟ್ಟೆ ಬರಲೆಂದೇ ಸೂಜಿ ಒಂದೊಂದು ತುಂಡಿನ ಅಂಚನ್ನೂ ಬಿಲ್ಲಿನ ಹಾಗೆ ಬಾಗಿಸಿ ಕತ್ತರಿಸಿದ್ದಳು. ಹಗ್ಗವನ್ನು ನಾಲ್ಕು ಬೆರಳು ಸಡಿಲ ಬಿಡಬೇಕು ಎಂಬುದನ್ನು ತಾರಸಿಯ ಮೇಲೆ ಮೂರು ದಿನ ಬೆಳಗ್ಗೆ ಕಂಬ ನಿಲ್ಲಿಸಿ ನೋಡಿ ಕಂಡುಕೊಂಡಿದ್ದಳು. ಹೇಳಬಹುದಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಕೆಂಪು ಮುಖ, ಸೊಳ್ಳೆಪರದೆ ಎಂದ ಆ ಬಾಯಿ. ಹೋಗಲಿ, ಮೇಡಂ ಎದುರಿಗೇ ಇವನ ಚಾಂಪಿಯನ್‌ಗಿರಿ ನೀರುಪಾಲಾಗಲಿ ಎಂದು ಬಾಯಿಗೆ ಬೀಗ ಹಾಕಿಕೊಂಡಳು.

ಹಾಗೇ ಆಯಿತು. ಚಾಂಪಿಯನ್ ಹಲಗೆಯ ಮೇಲೆ ನಿಂತು, ಪಟ ಎತ್ತಿ, ಚೌಕದ ಪ್ರತಿಮೆಯ ಹಾಗೆ ಎದೆಯುಬ್ಬಿಸಿದ. ಹಲಗೆ ಮಾತ್ರ ಪ್ರತಿಮೆಯ ಪೀಠದಂತೆ ನಿಂತಲ್ಲೇ ನಿಂತಿತು. ಒಂದು ಬಾತುಕೋಳಿ ಅವನನ್ನು ದಾಟಿಕೊಂಡು ಹೋಯಿತು, ತಿರುಗಿ ಸಹ ನೋಡಲಿಲ್ಲ. ಅವನು ಪಟವನ್ನು ಬೀಸಣಿಗೆಯ ಹಾಗೆ ಹಿಂದೆ ಮುಂದೆ ಜಗ್ಗಿದ. ಇಲ್ಲದ ಗಾಳಿಯ ಮೇಲೆ ಭಾರ ಹಾಕಿ ಹಿಂದಕ್ಕೆ ವಾಲಿದ. ವಾಲಿದವನು ವಾಲಿಕೊಂಡೇ ನೀರಿಗೆ ಬಿದ್ದ.

ಸೂಜಿಯ ಹೊಟ್ಟೆ ತಣ್ಣಗಾಯಿತು. ನೀರಿನ ಸದ್ದು ಅಡಗುವಷ್ಟು ಹೊತ್ತು ಮಾತ್ರ.

ಅವನು ಮಂಡಿಯುದ್ದ ನೀರಿನಲ್ಲಿ ಹಲಗೆ ಎಳೆದುಕೊಂಡು ಬಂದ. “ಮೇಡಂ, ಈ ಪಟಕ್ಕೆ ಜೀವಾನೇ ಇಲ್ಲ. ಟಾರ್ಪಾಲು ಹೊಲಿಯೋ ಕೈ, ಇನ್ನೇನು ಹೊಲಿಯತ್ತೆ?”

ಮೇಡಂ ಕೈಯಲ್ಲಿದ್ದ ಪುಸ್ತಕ ಮುಚ್ಚಿ, ಪೆನ್ನನ್ನು ಜೇಬಿಗೆ ಸಿಕ್ಕಿಸಿದರು. ಆಗ ಸೂಜಿಗೆ ಹೊಳೆಯಿತು. ಬಿದ್ದದ್ದು ಅವನಲ್ಲ, ಪಟ. ಅವನು ಇಪ್ಪತ್ತೆರಡು ವರ್ಷದಿಂದ ಬೀಳುತ್ತಲೇ ಇದ್ದಾನೆ, ಅವನ ಹೆಸರು ಮಾತ್ರ ಒಂದು ದಿನವೂ ಒದ್ದೆಯಾದದ್ದಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಅನ್ನುತ್ತಾರೆ. ಇಲ್ಲಿ ಮೂಗು ತನ್ನದೇ, ಕತ್ತರಿಯೂ ತನ್ನದೇ.

“ಇನ್ನೊಂದ್ಸಲ ಹೋಗ್ತೀರಾ ಭಾವ? ಹಗ್ಗ ಸ್ವಲ್ಪ ಸಡಿಲ ಮಾಡಿ.”

“ನನಗೇ ಹೇಳಿಕೊಡ್ತೀಯಾ?”

“ನಿಮಗೆ ಹೇಳಿಕೊಡೋಕೆ ನಾನ್ಯಾರು?” ಒಂದೊಂದು ಪದವೂ ಬೇವಿನ ಕಷಾಯದ ಹಾಗೆ ನಾಲಿಗೆಗೆ ಕಹಿಯಾಯಿತು. “ಪಟದ ಗುಣ ಹೇಳ್ದೆ ಕೊಟ್ಟಿದ್ದು ನನ್ ತಪ್ಪು. ನೀವು ಕಟ್ಟುವಾಗ್ಲೇ ಗೊತ್ತಿತ್ತು ನನಗೆ. ಸುಮ್ನಿದ್ದೆ.”

ತಪ್ಪು ಎಂಬ ಮಾತು ಅವನಿಗೆ ಸಾಕಾಯಿತು, ಉಳಿದದ್ದು ಅವನ ಕಿವಿಗೆ ಬೀಳಲಿಲ್ಲ. ದೊಡ್ಡ ಮನಸ್ಸು ಮಾಡಿದವನಂತೆ ಕೋಲನ್ನು ಅವಳ ಕಡೆಗೆ ತಿರುಗಿಸಿದ. ಸೂಜಿ ಚಪ್ಪಲಿ ಬಿಟ್ಟು ನೀರಿಗಿಳಿದು, ಹಗ್ಗ ಬಿಚ್ಚಿ, ಪಟದ ಮೂಲೆಗೂ ಕೋಲಿನ ತುದಿಗೂ ನಡುವೆ ಬೆರಳಿಟ್ಟು ನಾಲ್ಕಕ್ಕೆ ಕಟ್ಟಿದಳು. ಪಟ ಒಂದು ಕಡೆಗೆ ಮೆಲ್ಲಗೆ ಉಬ್ಬಿತು.

ಎರಡನೆಯ ಸಲ ಹಲಗೆ ದಂಡೆ ಬಿಟ್ಟದ್ದೇ ತಿಳಿಯಲಿಲ್ಲ. ನೀರಿನ ಮೇಲೆ ಗೆರೆಯೊಂದು ಉದ್ದವಾಗುತ್ತಾ ಹೋಯಿತು. ಬಾತುಕೋಳಿ ರೆಕ್ಕೆ ಬಡಿದು ದಾರಿ ಬಿಟ್ಟಿತು. ಚಾಂಪಿಯನ್ ಆಚೆ ದಂಡೆ ಮುಟ್ಟಿ ತಿರುಗಿ ಬರುವ ತನಕ ಸೂಜಿ ಅವನನ್ನು ನೋಡಲೇ ಇಲ್ಲ, ಪಟವನ್ನಷ್ಟೇ ನೋಡಿದಳು.

“ಎಲ್ಲಾ ಕೈಗುಣ,” ಎಂದ ಅವನು ಬಂದವನೇ. “ಬೇರೆಯವರು ಹಿಡಿದಿದ್ರೆ ಈ ಬಟ್ಟೆ ಓಡ್ತಿರ್ಲಿಲ್ಲ.” ಅಕ್ಕ ಟವೆಲ್ ಕೊಟ್ಟು, ಮೊದಲು ಮೂಗು ಒರೆಸಿಕೊಳ್ಳಿ ಎಂದಳು.

ಮೇಡಂ ಪುಸ್ತಕ ತೆರೆದರು. “ಹತ್ತು ಹೊಲೀರಿ. ಆದ್ರೆ ಸಣ್ಣ ಗಾಳಿಗೆ ಎಲ್ಲಿವರೆಗೆ ಎಳೀಬೇಕು ಅಂತ ಹಗ್ಗಕ್ಕೇ ಕೆಂಪು ದಾರ ಸುತ್ತಿ ಕೊಡಿ. ಕೇಳದೇ ಇರೋರು ಎಲ್ಲಾ ಕಡೆ ಇರ್ತಾರೆ.” ಸೂಜಿಯ ಮುಖ ನೋಡಿದರು. “ಹೇಳದೇ ಇರೋರೂ.”

ಸೂಜಿ ತಲೆ ತಗ್ಗಿಸಿದಳು. ಆ ಸಂಜೆಯೇ ಕೋಣೆಯ ನೆಲದ ಮೇಲೆ ಹತ್ತು ಹಗ್ಗ ಹಾಸಿಕೊಂಡು ಕೂತಳು. ಭಾವನ ಬೆರಳು ದಪ್ಪ, ಅವನ ನಾಲ್ಕೆಂದರೆ ಇವಳ ಆರು. ಅಂಥವರನ್ನು ನಂಬಿ ಅಳತೆಯನ್ನು ಗಾಳಿಗೆ ಬಿಡಲಾದೀತೇ? ತನ್ನ ಕೈಯನ್ನೇ ಹಗ್ಗದ ಮೇಲಿಟ್ಟು, ಒಂದಕ್ಕೆ ಎರಡು ಸಲ ಅಳೆದು, ಕೆಂಪು ದಾರ ಸುತ್ತತೊಡಗಿದಳು.