ಮರುಸಾಲಿಲ್ಲದ ಹಾಡು

ಹಕ್ಕಿಗಳೂ ಪ್ರಾಣಿಗಳೂ ಕೂಡಿ ಬಾಳುತ್ತಿದ್ದ ಒಂದು ಊರಿನಲ್ಲಿ, ಚಳಿ ಹಿಂದೆ ಸರಿಯುವ ಹೊತ್ತಿಗೆ, ಪ್ರತಿ ವರ್ಷ ಸಂಗೀತದ ಉತ್ಸವ ನಡೆಯುತ್ತಿತ್ತು. ಅದರ ಖರ್ಚಿಗೆ ಹಾಡುವವರೇ ಮನೆಮನೆಗೆ ಹೋಗಿ ದೇಣಿಗೆ ಕೇಳಬೇಕೆಂಬುದು ಅಲ್ಲಿಯ ಪದ್ಧತಿ. ಅವರು ಬಾಗಿಲಲ್ಲಿ ನಿಂತು ಆ ವರ್ಷದ ಹೊಸ ಹಾಡಿನ ಒಂದು ಸಾಲು ಹಾಡುವರು. ಮನೆಯವರು ಅದಕ್ಕೆ ಮರುಸಾಲು ಹಾಡಿದ ಮೇಲೆಯೇ ಇವರು ಜೋಳಿಗೆ ಬಿಚ್ಚುವರು. ಮರುಸಾಲು ಬಾರದವರಿಗೆ ಅಲ್ಲೇ ನಿಂತು ಕಲಿಸಿಕೊಡುವರು. ಹೆಗ್ಗಣದ ಮನೆಯಲ್ಲಿ ಇದಕ್ಕೆ ಅರ್ಧ ದಿನ ಹಿಡಿಯುತ್ತಿತ್ತು. ಆದರೂ ಹಣ ಕೂಡುವಷ್ಟರಲ್ಲಿ ಹಾಡು ಊರಿನ ಬಾಯಿಗೆ ಬಂದಿರುತ್ತಿತ್ತು. ಉತ್ಸವದ ದಿನ ವೇದಿಕೆಯಿಂದ ಒಬ್ಬರು ಹಾಡಿದರೆ ಕೆಳಗಿನಿಂದ ಊರೇ ಉತ್ತರ ಕೊಡುತ್ತಿತ್ತು.

ಆ ವರ್ಷದ ಹಾಡನ್ನು ಕಟ್ಟಿದವನು ಹೊನ್ನಪ್ಪನೆಂಬ ಗೊರವಂಕ. ಕಟ್ಟಿ ಮುಗಿಸಿ, ಮಳೆಗಾಲ ಕಳೆಯುವ ಮೊದಲೇ ತೀರಿಕೊಂಡ. ಅವನು ಇದ್ದಾಗ ಸಾಲನ್ನು ಅವನು ಹೇಳುತ್ತಿದ್ದ, ಮರುಸಾಲನ್ನು ಹೆಂಡತಿ ಚೆನ್ನಾಜಿ ಹೇಳುತ್ತಿದ್ದಳು. ಈಗ ಚೆನ್ನಾಜಿ ಸಾಲನ್ನು ತಾನೇ ಹೇಳಿ ನಿಲ್ಲುವಳು. ಮರುಸಾಲನ್ನೂ ತಾನೇ ಹೇಳಲು ಅವಳಿಗೆ ಬಾಯಿ ಏಳುತ್ತಿರಲಿಲ್ಲ. ಊರು ಒಮ್ಮೆ ಆ ಹಾಡಿಗೆ ಉತ್ತರ ಕೊಡಬೇಕು. ಅವಳಿಗೆ ಬೇಕಿದ್ದದ್ದು ಅಷ್ಟೇ.

ಮನೆಮನೆಗೆ ಯಾವಾಗ ಹೊರಡುವುದೆಂದು ಕೇಳಲು ಅವಳು ಉತ್ಸವದ ಕಾರ್ಯದರ್ಶಿ ಮುಂಗುಸಿಯ ಬಳಿಗೆ ಹೋದಳು.

"ಯಾವ ಕಾಲದಲ್ಲಿದ್ದೀರಿ ಚೆನ್ನಾಜಮ್ಮ?" ಎಂದ ಮುಂಗುಸಿ. "ಬಾಗಿಲು ತಟ್ಟಿ ಕೈಯೊಡ್ಡೋದು ಈಗ ಯಾರಿಗೆ ಚೆಂದ? ಇಲ್ಲಿ ನೋಡಿ, ವಿಜೆಟ್. ಊರಿನ ಪ್ರತಿಯೊಂದು ಫೋನಿನಲ್ಲೂ ಕೂರಿಸಿದ್ದೀನಿ."

ಪರದೆಯ ಮೂಲೆಯಲ್ಲಿ ಒಂದು ಚೌಕ, ಅದರೊಳಗೆ ಒಂದು ಹಸಿರು ಪಟ್ಟಿ, ಕೆಳಗೆ 'ಕೊಡಿ' ಎಂಬ ಬಟನ್. ಯಾರಾದರೂ ಒತ್ತಿದರೆ ಟಿಣ್ ಎನ್ನುವುದು, ಚೆಂಡುಹೂವೊಂದು ಉದುರುವುದು, ಕೊಟ್ಟವರ ಹೆಸರು ಮಿನುಗುವುದು, ಪಟ್ಟಿ ಒಂದಿಷ್ಟು ಮೇಲೇರುವುದು.

"ಮತ್ತೆ ಮರುಸಾಲು?"

"ಮೊದಲು ಹಣ ಬರಲಿ ತಾಯಿ. ಅದು ಎಲ್ಲಿಗೆ ಓಡಿಹೋಗುತ್ತೆ?"

ಹಣ ಬಂತು, ಹಿಂದೆಂದೂ ಬಾರದಷ್ಟು. ಬಾಗಿಲಿಗೆ ಬಂದವರಿಗೆ ಕೈ ಬಿಚ್ಚದಿದ್ದವರೂ ಹೂವಿನ ಆಸೆಗೆ ಒತ್ತಿದರು. ಗೂಬೆ ಮಲಗಿದಲ್ಲಿಂದಲೇ ಒತ್ತಿತು. ಅಳಿಲಿನ ಹೆಸರು ಮಿನುಗಿದ್ದನ್ನು ನೋಡಿ ಉಡ ಎರಡು ಸಲ ಒತ್ತಿತು. ಮನೆಮನೆಗೆ ಹೋಗುವ ಮಾತನ್ನು ಯಾರೂ ಎತ್ತಲಿಲ್ಲ.

ಚೆನ್ನಾಜಿ ಒಬ್ಬಳೇ ಹೊರಟಳು. ಮೊಲ ಅರ್ಧ ಬಾಗಿಲು ತೆರೆಯಿತು.

"ನಾವು ಆಗಲೇ ಕೊಟ್ಟಾಯ್ತು ಕಣಮ್ಮ."

"ದುಡ್ಡು ಬೇಡ. ಒಂದು ಸಾಲು ಹಾಡ್ತೀನಿ, ಉತ್ತರ ಹೇಳಿಕೊಡ್ತೀನಿ."

"ಅದಕ್ಕೂ ಸೇರಿಸೇ ಕೊಟ್ಟಿದ್ದು. ಬೇಕಾದ್ರೆ ನೋಡಿ, ಹೂ ಬಿದ್ದಿದೆ." ಮೊಲ ಫೋನನ್ನು ಬಾಗಿಲ ಸಂದಿಯಿಂದ ತೋರಿಸಿತು.

ಹೆಗ್ಗಣ ಮಾತ್ರ ಎದ್ದು ಬಂದು ಕೈಮುಗಿಯಿತು. "ನನ್ನ ಗಂಟಲಿಗೆ ಈ ಸಲ ರಜೆ ಸಿಕ್ಕಿತು ಅಂತ ಹೆಂಡತಿ ಹೋಳಿಗೆ ಮಾಡಿದಾಳೆ. ಒಂದು ತಿನ್ನಿ, ಆದರೆ ಹಾಡಿಸಬೇಡಿ ತಾಯಿ."

ಚೆನ್ನಾಜಿ ಹೋಳಿಗೆ ತಿಂದು ಮುಂದಿನ ಮನೆಗೆ ಹೋದಳು. ಅಲ್ಲಿಯೂ ಹೂವು ಬಿದ್ದಿತ್ತು.

ಉತ್ಸವದ ದಿನ ವೇದಿಕೆ ಹಿಂದಿನ ವರ್ಷದ ಎರಡರಷ್ಟಿತ್ತು. ಕುರ್ಚಿಗಳಿಗೆ ಮೆತ್ತೆ ಹಾಕಿದ್ದರು. ಹಿಂದುಗಡೆ ಗೋಡೆಯಷ್ಟು ಅಗಲದ ಪರದೆ, ಅದರ ಮೇಲೆ ಆ ಹಸಿರು ಪಟ್ಟಿ. ಒಬ್ಬೊಬ್ಬರಾಗಿ ಹಾಡಿ ಇಳಿದ ಮೇಲೆ ಚೆನ್ನಾಜಿಯ ಸರದಿ ಬಂತು. ಅವಳು ಹೊನ್ನಪ್ಪನ ಮೊದಲ ಸಾಲನ್ನು ಹಾಡಿ ನಿಂತಳು.

ಊರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಏನೋ ಕೊಡಬೇಕಾಗಿದೆಯೆಂದು ಎಲ್ಲರಿಗೂ ತಿಳಿಯಿತು, ಏನೆಂದು ತಿಳಿಯಲಿಲ್ಲ. ಹಿಂದಿನ ಕುರ್ಚಿಗಳಲ್ಲಿ ಯಾರೋ ಮುಜುಗರ ತಾಳಲಾರದೆ ಫೋನು ತೆಗೆದು ಒತ್ತಿದರು. ಟಿಣ್. ಪಕ್ಕದವರೂ ಒತ್ತಿದರು. ಚೆನ್ನಾಜಿ ಕಾದಳು. ಅವಳು ಕಾದಷ್ಟೂ ಹೂವು ಉದುರಿದವು. ಅವಳು ಬಾಯಿಗಳನ್ನು ಹುಡುಕುತ್ತಿದ್ದಳು, ಕಂಡದ್ದು ಬಗ್ಗಿದ ತಲೆಗಳು. ಪರದೆಯೆಲ್ಲ ಹಳದಿಯಾಗಿ, ಪಟ್ಟಿ ತನ್ನ ಚೌಕವನ್ನು ದಾಟಿತು. ಎರಡನೆಯ ಸಾಲನ್ನು ಹಾಡದೆ ಅವಳು ಕೆಳಗಿಳಿದಳು. ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ.

ಮರುದಿನ ಮುಂಗುಸಿ ಹಣ್ಣಿನ ಬುಟ್ಟಿ ಹಿಡಿದು ಅವಳ ಗೂಡಿಗೆ ಬಂದ.

"ಬೇರೆಯವರೆಲ್ಲ ಹಾಡಿದಾಗ ಬಂದದ್ದಕ್ಕಿಂತ ನೀವು ಸುಮ್ಮನೆ ನಿಂತಾಗ ಬಂದದ್ದೇ ಜಾಸ್ತಿ ಚೆನ್ನಾಜಮ್ಮ! ಮುಂದಿನ ವರ್ಷ ನೀವೇ ಮುಖ್ಯ ಕಲಾವಿದೆ. ಹಾಡೋ ಕಷ್ಟವೂ ಬೇಡ. ಬಂದು ನಿಂತರೆ ಸಾಕು."

"ಅದು ನಮ್ಮವರ ಹಾಡು," ಎಂದಳು ಚೆನ್ನಾಜಿ.

"ಅವರನ್ನ ಮರೀತೀವಾ? ಹೆಸರು ದಪ್ಪಕ್ಷರದಲ್ಲೇ ಹಾಕಿಸ್ತೀನಿ."

ಮುಂಗುಸಿ ಮಾತಿಗೆ ತಪ್ಪಲಿಲ್ಲ. ಮುಂದಿನ ವರ್ಷ ಊರಿನ ಗೋಡೆಗಳ ಮೇಲೆಲ್ಲ ಭಿತ್ತಿಪತ್ರ ಅಂಟಿಸಿದ್ದರು: 'ಮೌನ. ರಚನೆ: ದಿವಂಗತ ಹೊನ್ನಪ್ಪ.' ಗಂಡನ ಹೆಸರನ್ನು ಅಷ್ಟು ದೊಡ್ಡದಾಗಿ ಚೆನ್ನಾಜಿ ಎಂದೂ ಕಂಡಿರಲಿಲ್ಲ. ಅವಳು ಒಂದು ಗೋಡೆಯ ಮುಂದೆ ಸ್ವಲ್ಪ ಹೊತ್ತು ಕೂತಿದ್ದು, ಆಮೇಲೆ ಹೋಗಿ ವೇದಿಕೆಯ ಮೇಲೆ ನಿಂತಳು.

ಊರು ತಲೆ ಬಗ್ಗಿಸಿ ಒಂದಕ್ಷರ ತಪ್ಪದೆ ಉತ್ತರ ಕೊಟ್ಟಿತು: ಟಿಣ್, ಟಿಣ್, ಟಿಣ್.