ಬಲಕ್ಕೆ ಕಲಿತ ಕೈ

ರಸ್ತೆ ತುಂಬ ಗಾಡಿಗಳಿದ್ದರೆ ನನ್ನ ಮಗಳು ಆಯೇಶಾಳ ಅಬ್ಬಾ ಮುಂದಿನವನ ಬೆನ್ನು ಹಿಡಿದು ನೆಟ್ಟಗೆ ಎಡಕ್ಕೇ ಹೋಗುತ್ತಿದ್ದರು. ಖಾಲಿ ರಸ್ತೆ ಕಂಡರೇ ನನಗೆ ಭಯ. ಸೌದಿಯಲ್ಲಿ ವರ್ಷಗಟ್ಟಲೆ ಬಲಗಡೆ ಓಡಿಸಿದ ಕೈ ಅವರದು. ಎಲ್ಲಾದರೂ ನಿಲ್ಲಿಸಿ ಮತ್ತೆ ಹೊರಟರೆ ಗಾಡಿ ತಾನಾಗಿ ಬಲಕ್ಕೆ ಜಾರುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಕಲಿತ ಗುಣ ಹೋಗಲು ಏನು ಸುಡಬೇಕೋ ಹಿರಿಯರು ಹೇಳಿ ಹೋಗಲಿಲ್ಲ.

ನೆಲೋಗಿ ಸುತ್ತಲಿನ ಹಳ್ಳಿಗಳಿಂದ ಜೇವರ್ಗಿಗೆ ಮಕ್ಕಳನ್ನು ಒಯ್ಯುವ ಶಾಲಾ ವ್ಯಾನಿನಲ್ಲಿ ನಾನು ಆಯಾ. ಅದಕ್ಕೆ ಡ್ರೈವರ್ ಬೇಕಾದಾಗ ಶಾಲೆ ನಡೆಸುವ ಗೌರಾಬಾಯಿಯವರಿಗೆ ದುಂಬಾಲು ಬಿದ್ದೆ. ಈ ಕೆಲಸ ಸಿಕ್ಕರೆ ನನ್ನ ಗಂಡ ಊರಲ್ಲೇ ಉಳಿಯುತ್ತಾರೆ. ಸಿಗದಿದ್ದರೆ ಮತ್ತೆ ರಿಯಾಧ್. ಅಲ್ಲಿನ ಮಾಲೀಕ ದಿನಾ ಫೋನು ಮಾಡುತ್ತಿದ್ದ. ಮದುವೆಯಾದಾಗಿನಿಂದ ಗಂಡನನ್ನು ರಜೆಯಲ್ಲಷ್ಟೇ ಕಂಡವಳು ನಾನು. ಮಗಳಿಗಂತೂ ಅಬ್ಬಾ ಎಂದರೆ ಫೋನಿನೊಳಗಿನ ಮನುಷ್ಯ. ಸಾಕಾಗಿತ್ತು ನನಗೆ, ಇನ್ನು ಕಳಿಸಲಾರೆ ಎಂದು ಹಟ ಹಿಡಿದಿದ್ದೆ.

ಅದಕ್ಕೇ ಮಾವನ ಹಳೇ ಜೀಪಿನಲ್ಲಿ ದಿನಾ ಸಂಜೆ ತಾಲೀಮು ಮಾಡಿಸಿದೆ. ಹಿಂದೆ ಕೂತು, ಗಾಡಿ ಬಲಕ್ಕೆ ಎಳೆದಾಗಲೆಲ್ಲ ಅವರ ಎಡ ಭುಜಕ್ಕೆ ಬೆರಳಿಂದ ಕುಟ್ಟುತ್ತಿದ್ದೆ. ನೀನು ಪೊಲೀಸಿನವಳಾಗಬೇಕಿತ್ತು ಎಂದು ನಗುತ್ತಿದ್ದರು. ಅಷ್ಟಾದರೂ ಬೆರಳು ಬೇಕಾಗುತ್ತಲೇ ಇತ್ತು.

ಗೌರಾಬಾಯಿ ಪರೀಕ್ಷೆ ಇಟ್ಟದ್ದು ಭಾನುವಾರ, ಮಕ್ಕಳಿಲ್ಲದ ದಿನ. ಅವರು ಮುಂದೆ ಕೂತರು. ಡ್ರೈವರ್ ಸೀಟಿನ ಹಿಂದೆ ನಾನು, ನನ್ನ ತೊಡೆಯ ಮೇಲೆ ಹಟ ಮಾಡಿ ಹತ್ತಿದ ಆಯೇಶಾ. ಬೆರಳು ಸೀಟಿನ ಸಂದಿಯಲ್ಲಿ ಸಿದ್ಧವಿತ್ತು. ಜೇವರ್ಗಿಯ ಸಂತೆ ಗದ್ದಲ ದಾಟಿದೆವು, ಒಂದು ತಪ್ಪಿಲ್ಲ. ಕೈ ಹದವಾಗಿದೆ ಎಂದು ಗೌರಾಬಾಯಿ ಮೆಚ್ಚಿದರು. ನನ್ನ ಎದೆ ಸ್ವಲ್ಪ ಹಗುರಾಯಿತು.

ಒಳರಸ್ತೆಗೆ ಇಳಿದಾಗ ಬೆಳೆ ಒಕ್ಕುವ ರಾಶಿಯ ಕಾಲವೆಂಬುದು ನೆನಪಾಯಿತು. ನಮ್ಮ ಕಡೆ ಟಾರು ರಸ್ತೆಯೇ ಕಣ. ಎಡ ಅರ್ಧಕ್ಕೆ ಕೊಯ್ದ ತೊಗರಿ ಕಟ್ಟಿಗೆ ಹರವಿ, ಅಂಚಿಗೆ ಕಲ್ಲಿಟ್ಟಿದ್ದರು. ಎಲ್ಲರಂತೆ ಇವರೂ ಬಲಕ್ಕೆ ಸರಿದರು. ಸರಿದದ್ದೇ ಅವರ ಬಿಗಿದ ಭುಜ ಸಡಿಲಾಯಿತು. ತವರಿಗೆ ಬಂದ ಮಗಳ ಹಾಗೆ ಆರಾಮಾಗಿ ಕೂತು ವೇಗ ಹೆಚ್ಚಿಸಿದರು.

ತೊಗರಿ ಮುಗಿಯಿತು. ಎಡಗಡೆ ಖಾಲಿ ಬಿದ್ದಿತ್ತು. ಗಾಡಿ ಮಾತ್ರ ಬಲಕ್ಕೇ ಓಡುತ್ತಿತ್ತು.

ಬೆರಳು ಚಾಚಿ ಕುಟ್ಟಿದೆ. ಅವರಿಗೆ ತಿಳಿಯಲಿಲ್ಲ. ಗೌರಾಬಾಯಿ ತಲೆಬಗ್ಗಿಸಿ ಫೋನು ನೋಡುತ್ತಿದ್ದರು. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ, ಗಂಡನೂ ಹೋಗುತ್ತಾನೆ. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಈಗ ತಿರುಗಿಸುತ್ತಾರೆ, ಈಗ ತಿರುಗಿಸುತ್ತಾರೆ ಎಂದು ಕಾದೆ. ಜಾಲಿ ಗಿಡಗಳ ತಿರುವಿನಿಂದ ಕಬ್ಬಿನ ಟ್ರ್ಯಾಕ್ಟರ್ ಬಂತು, ಹಿಂದೆ ಎರಡು ಟ್ರಾಲಿ, ಕಿವಿ ಕಿವುಡಾಗುವಂಥ ಹಾಡು. ಅದು ತನ್ನ ಎಡದಲ್ಲೇ, ಅಂದರೆ ನೇರ ನಮ್ಮೆದುರಿಗೇ ಬರುತ್ತಿತ್ತು. ಇವರು ಹಾರ್ನ್ ಒತ್ತಿದರು. ತಪ್ಪು ಅವನದೇ ಎಂದುಕೊಂಡಿದ್ದರು. ಆಯೇಶಾ ನನ್ನ ಕುತ್ತಿಗೆಯನ್ನು ಬಿಗಿಯಾಗಿ ತಬ್ಬಿದಳು.

"ನದೀಮ, ಎಡಕ್ಕ!"

ನಮ್ಮ ಮನೆಯ ಮಾತು ಉರ್ದು, ನನ್ನ ಬಾಯಿಂದ ಬಂದದ್ದು ಕನ್ನಡ. ಗಂಡನ ಹೆಸರನ್ನು ಯಾವ ಭಾಷೆಯಲ್ಲೂ ಎತ್ತಿದವಳಲ್ಲ ನಾನು. ಆ ಹೆಸರು ಅವರನ್ನು ತಟ್ಟಿತು. ಸ್ಟೇರಿಂಗ್ ತಿರುಗಿತು, ಕಬ್ಬಿನ ಗರಿ ಕಿಟಕಿಗೆ ಉಜ್ಜಿತು, ವ್ಯಾನು ಎಡದ ಹೊಲಕ್ಕೆ ನುಗ್ಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ.

ಗೌರಾಬಾಯಿ ನೀರು ಕುಡಿದರು. ಅವರು ಕೇಳುವ ಮುಂಚೆ ಇವರೇ ಕೀಲಿ ತೆಗೆದು ಅವರ ಕೈಗಿಟ್ಟರು.

"ಮಕ್ಕಳನ್ನ ನನ್ನ ಕೈಯಾಗ ಕೊಡಬ್ಯಾಡ್ರಿ ಬಾಯಾರ. ಕೈ ಇನ್ನೂ ಅಲ್ಲೇ ಐತಿ."

ನನಗೆ ಸಿಟ್ಟು ಬಂತು. ತೊಗರಿ ಹರವಿದವರ ಮೇಲೆ, ಆ ಹಾಡಿನ ಮೇಲೆ, ಜಗತ್ತಿಗೆಲ್ಲ ಒಂದೇ ಬದಿ ಗೊತ್ತುಮಾಡದವರ ಮೇಲೆ. ನನ್ನ ಮಾತೇ ಅವರನ್ನು ಉಳಿಸಿತು, ಅದೇ ಮಾತು ಅವರನ್ನು ಕಳಿಸಿತು ಎಂದು ರಾತ್ರಿಯೆಲ್ಲ ಅತ್ತೆ.

ಈಗ ಅವರು ರಿಯಾಧದಲ್ಲಿದ್ದಾರೆ. ಬೆಳಿಗ್ಗೆ ಗಾಡಿ ಹೊರಡಿಸುವ ಮುಂಚೆ ಫೋನು ಬರುತ್ತದೆ. ಆಯೇಶಾ ಮಾತಾಡಿದ ಮೇಲೆ ನನ್ನ ಸರದಿ.

"ಅವತ್ತ ಕರ್ದಂಗ ಒಮ್ಮಿ ಕರಿ," ಅನ್ನುತ್ತಾರೆ.

ಅತ್ತೆ ಹತ್ತಿರವಿಲ್ಲವೆಂದು ಖಾತ್ರಿ ಮಾಡಿಕೊಂಡು, ಫೋನು ಬಾಯಿಗೆ ಹತ್ತಿರ ಹಿಡಿದು ಹೇಳುತ್ತೇನೆ:

"ನದೀಮ, ಬಲಕ್ಕ."